ಒಂದು ಗೊನೆ ಕಿತ್ರೆ ಏನಾಯ್ತದೆ ಅನ್ನೋರಿಗೆ

ನಂದಿ ಬೆಟ್ಟಕ್ಕೆ ಬರೋ ನೆಂಟರೇ, ನೆಂಟರ ಸ್ನೇಹಿತರೇ, ಸ್ನೇಹಿತರ ಆಫೀಸಿನೋರೇ, ಇದು ನಿಮಗೇ ಬರೆದದ್ದು. ಬೇಜಾರು ಮಾಡ್ಕೊಳ್ಳೋರು ಮಾಡ್ಕೊಳ್ಳಿ. ಎದುರಿಗೆ ನಿಂತು ಹೇಳಕ್ಕೆ ನಮ್ಮ ಕಡೆ ಹೆಂಗಸ್ರಿಗೆ ಬಾಯಿ ಬರಲ್ಲ. "ಇರ್ಲಿ ಬಿಡ್ರಮ್ಮ, ತಿನ್ರಿ" ಅಂದುಬಿಟ್ಟು ಒಳಗೆ ಬಂದು ಮನೆಯೋರ ಹತ್ರ ಬೈಸ್ಕೊಳ್ತೀವಿ. ಅಕ್ಕಪಕ್ಕದ ತೋಟದೋರು ಎಲ್ಲಾ ಹೇಳೋದು ಇದನ್ನೇ, ಆದ್ರೆ ಹೇಳೋದು ನಮ್ಮನಮ್ಮಲ್ಲೇ.

ಬೆಂಗಳೂರಿಂದ ಬೆಟ್ಟ ಅರವತ್ತು ಕಿಲೋಮೀಟರು. ಸೂರ್ಯ ಹುಟ್ಟೋದು ನೋಡ್ಬೇಕು ಅಂತ ಕತ್ತಲಲ್ಲೇ ಹೊರಟು ಬತ್ತಾರೆ, ಬೆಟ್ಟ ಇಳಿಯೋ ಹೊತ್ತಿಗೆ ಹೊಟ್ಟೆ ಹಸಿದಿರ್ತದೆ, ದಾರಿ ಬದೀಲಿ ನಮ್ಮ ಚಪ್ಪರ ಕಾಣ್ತದೆ. ಕಾರು ನಿಲ್ಸೋದು, ಇಳಿಯೋದು, ತಂತಿ ಹಿಡ್ಕೊಂಡು ಜಗ್ಗೋದು. ಬೇಲಿ ಐತಲ್ಲಮ್ಮ ಅಂದ್ರೆ, "ಒಂದು ಗೊನೆ ಕಿತ್ರೆ ಏನಾಯ್ತದೆ ಆಂಟಿ?"

ಏನಾಯ್ತದೆ ಅಂತ ಕೇಳಿದ್ರಲ್ಲ, ಹೇಳ್ತೀನಿ ಕೇಳಿ.

ದ್ರಾಕ್ಷಿ ಮಾವಿನ ಥರ ಅಲ್ಲ, ಗಾಳಿಗೆ ಉದುರಿದ್ದು ಉದುರ್ಲಿ ಅನ್ನಂಗಿಲ್ಲ. ಈ ಸೀಮೇಲಿ ಜಾಸ್ತಿ ಬೆಳೆಯೋದು ಬೆಂಗಳೂರ್ ಬ್ಲೂ, ಬೀಜ ಇರೋ ದಪ್ಪ ಸಿಪ್ಪೆಯ ಕಪ್ಪು ಹಣ್ಣು. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಅಂತ ಗುರುತೂ ಸಿಕ್ಕೈತೆ. ವರ್ಷಕ್ಕೆ ಎರಡು ಬೆಳೆ ಬಿಡ್ತದೆ, ಆದ್ರೆ ಸುಮ್ನೆ ಬಿಡಲ್ಲ. ಕಡ್ಡಿ ಸವರ್ಬೇಕು, ಚಿಗುರು ಬಂದ ಮೇಲೆ ಬಿಡಿಸಿ ಬಿಡಿಸಿ ತಂತಿಗೆ ಕಟ್ಬೇಕು. ಈ ಕೆಲಸ ಮಾಡೋರು ಮುಕ್ಕಾಲು ಪಾಲು ಹೆಂಗಸ್ರೇ. ಚಪ್ಪರದ ಕೆಳಗೆ ದಿನವೆಲ್ಲ ಕೈ ಮೇಲೆತ್ತಿ ಕತ್ತು ಹಿಂದಕ್ಕೆ ಬಗ್ಗಿಸ್ಕೊಂಡು ನಿಂತ್ರೆ ರಾತ್ರಿ ರಟ್ಟೆ ಎತ್ತಿ ತಲೆ ಬಾಚ್ಕೊಳ್ಳಕ್ಕಾಗಲ್ಲ. ನೀವು ಗೊನೆಗೆ ಕೈ ಹಾಕಿ ಜಗ್ಗಿದಾಗ ಬರೀ ಗೊನೆ ಬರಲ್ಲ ಕಣ್ರೇ, ಕಡ್ಡಿ ಸೀಳ್ತದೆ. ಮುಂದಿನ ಬೆಳೆಯ ಕಣ್ಣು ಇರೋದು ಅದೇ ಕಡ್ಡೀಲಿ. ನೀವು ತಿಂದಿದ್ದು ಒಂದು ಗೊನೆ, ಮುರಿದು ಹೋಗಿದ್ದು ಇನ್ನೂ ಹುಟ್ಟದೇ ಇರೋ ನಾಕು ಗೊನೆ. ಕತ್ತರೀಲಿ ಕತ್ತರಿಸಿ ಕೊಡ್ತೀನಿ ಇರಮ್ಮ ಅನ್ನೋವಷ್ಟರಲ್ಲಿ ಕೈಲಿ ಹಿಡ್ಕೊಂಡು ಫೋಟೋಕ್ಕೆ ನಿಂತಿರ್ತೀರ.

ಇನ್ನೊಂದು ತಮಾಷೆ. ಕಾಯಿ ಮೇಲೆ ಬೂದಿ ಥರ ತೆಳ್ಳಗೆ ಬಿಳೀ ಪುಡಿ ಇರ್ತದಲ್ಲ, ಅದನ್ನ ನೋಡಿ "ಅಯ್ಯೋ, ಔಷಧಿ!" ಅಂತ ಸೆರಗಲ್ಲಿ, ದುಪಟ್ಟಾದಲ್ಲಿ ಒರೆಸ್ತಾರೆ. ಅದು ಔಷಧಿ ಅಲ್ಲ, ಹಣ್ಣು ತಾನೇ ಹೊದ್ಕೊಂಡಿರೋ ಮೇಣ. ನೀರು ಆರಿಹೋಗ್ದಂಗೆ ಹಣ್ಣನ್ನ ಕಾಯೋದೇ ಅದು. ಗೊನೆ ಸವರಿ ಸವರಿ ನೋಡಿ, ಕೀಳ್ದೆ ಬಿಟ್ಟುಹೋದ್ರಿ ಅಂದ್ಕೊಳ್ಳಿ, ಆ ಗೊನೆ ಮಾಸಲಾಗಿ ಕಾಣ್ತದೆ, ವ್ಯಾಪಾರಿ ಅದನ್ನ ಪಕ್ಕಕ್ಕೆ ಎಸೀತಾನೆ. ನಿಜವಾದ ಔಷಧಿ ಬೇರೆ ಐತೆ, ಅದು ಎಷ್ಟೋ ಸಲ ಕಣ್ಣಿಗೇ ಕಾಣಲ್ಲ. ಎಲೆಗೆ ಬೂಜು ರೋಗ ಬತ್ತದೆ ಅಂತ ಮೈಲುತುತ್ತ ಸುಣ್ಣ ಬೆರೆಸಿ ಹೊಡೀತೀವಿ, ಅದಾದ್ರೆ ನೀಲಿ ಕಲೆ ಕಾಣ್ತದೆ. ಬೇರೇವು ಹೊಡೆದ್ರೆ ಗುರುತೇ ಇಲ್ಲ. ಹೊಡೆದ ಮೇಲೆ ಇಷ್ಟು ದಿನ ಹಣ್ಣು ಕೀಳ್ಬಾರ್ದು ಅಂತ ಡಬ್ಬಿ ಮೇಲೇ ಅಚ್ಚು ಹಾಕಿರ್ತಾರೆ. ನಿನ್ನೆ ಸಾಯಂಕಾಲ ಹೊಡೆದ ತೋಟಕ್ಕೆ ಇವತ್ತು ಬೆಳಿಗ್ಗೆ ನುಗ್ಗಿ, ತೊಳೀದೆ, ಮೂರು ವರ್ಷದ ಮಗು ಬಾಯಿಗೆ ಇಟ್ರೆ ಯಾರು ಹೊಣೆ? ಮಗುಗೆ ವಾಂತಿ ಆದ್ರೆ "ಹಳ್ಳಿಯೋರು ವಿಷ ಬೆಳೀತಾರೆ" ಅಂತ ವಾಟ್ಸಾಪಲ್ಲಿ ಹಾಕೋರೂ ನೀವೇ.

ಇಷ್ಟು ಹೇಳಿದ್ರೆ ಒಂದು ಉತ್ತರ ಸಿದ್ಧ ಇರ್ತದೆ. "ನಾವು ಬಂದ್ರೆ ತಾನೇ ನಿಮ್ಮ ಕಡೆ ದುಡ್ಡು ಓಡಾಡೋದು?" ಓಡಾಡ್ತದೆ, ಇಲ್ಲ ಅನ್ನಲ್ಲ. ಎಲ್ಲಿ ಓಡಾಡ್ತದೆ ಅಂತ ಸ್ವಲ್ಪ ನೋಡಿ. ಸರ್ಕಾರ 2007ರಲ್ಲಿ ದ್ರಾಕ್ಷಿಗೂ ವೈನಿಗೂ ಅಂತ ನೀತಿ ತಂದಾಗ ರೈತರ ಹೆಸರೇ ಮುಂದಿತ್ತು. ನೀವು ಗ್ಲಾಸ್ ಎತ್ತಿ ತಿರುಗಿಸಿ ಮೂಸಿ ನೋಡ್ತೀರಲ್ಲ, ಆ ವೈನಿನ ಹಣ್ಣು ಕ್ಯಾಬರ್ನೆ, ಶಿರಾಜ್, ಅಂಥವು. ಹೊರದೇಶದ ತಳಿ. ನಮ್ಮಂಥ ಒಂದೂವರೆ ಎಕರೆಯೋರ ಬ್ಲೂ ಹಣ್ಣು ಹೋಗೋದು ಮಾರ್ಕೆಟ್ಟಿಗೆ, ಜ್ಯೂಸಿಗೆ, ಸಿಹಿ ವೈನಿಗೆ. ಟಿಕೆಟ್ಟಿನ ದುಡ್ಡು, ಊಟದ ದುಡ್ಡು, ರೂಮಿನ ದುಡ್ಡು ಚಪ್ಪರದ ಕೆಳಗೆ ಕತ್ತು ಬಗ್ಗಿಸಿದೋಳ ಹತ್ರ ಬರಲ್ಲ. 2020ರ ಲಾಕ್‌ಡೌನಲ್ಲಿ ಕೊಳ್ಳೋರಿಲ್ದೆ ಈ ಜಿಲ್ಲೆಯೋರು ಹಣ್ಣನ್ನ ತಿಪ್ಪೆಗೆ ಸುರಿದ್ರು. ಆವಾಗ ನಮಗೆ ಬೇಕಾಗಿದ್ದು ಕೆ.ಜಿ. ಲೆಕ್ಕದಲ್ಲಿ ಕೊಳ್ಳೋರು. ಈಗಲೂ ಬೇಕಾಗಿರೋದು ಅವ್ರೇ.

ಅದ್ರಲ್ಲೂ ಕೊಳ್ಳೋ ಚಂದ ನೋಡ್ಬೇಕು. ಗಾಜಿನ ಲೋಟದಲ್ಲಿ ನಾಕು ಗುಟುಕಿಗೆ ಎಷ್ಟು ಕೇಳಿದ್ರೂ ಕಾರ್ಡು ಉಜ್ಜಿ ಬತ್ತಾರೆ. ರಸ್ತೆ ಬದೀಲಿ ಬುಟ್ಟಿ ಇಟ್ಕೊಂಡಿರೋ ಅಜ್ಜಿ ಹತ್ರ ಮಾತ್ರ ಹತ್ತು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ. ಮಧ್ಯೆ ರುಚಿ ನೋಡ್ತೀನಿ ಅಂತ ಕಾಲು ಕೆ.ಜಿ. ಬಾಯಿಗೆ.

ಕೆಲವು ಕಡೆ ತೊಟ್ಟಿ ತುಂಬ ದ್ರಾಕ್ಷಿ ಹಾಕಿ ಕಾಲಲ್ಲಿ ತುಳಿಸೋ ಆಟ ಆಡಿಸ್ತಾರೆ. ವೈನು ಈಗ ಮೆಷಿನ್ನಲ್ಲಿ ಆಗೋದು, ಈ ತುಳಿತ ಫೋಟೋಕ್ಕೆ. ಅನ್ನ ಕಾಲಿಗೆ ತಗುಲಿದ್ರೆ ಕಣ್ಣಿಗೊತ್ಕೊಳ್ಳೋ ಮನೇಲಿ ಹುಟ್ಟಿದ ಹೆಣ್ಮಕ್ಕಳೂ ಅಲ್ಲಿ ಕುಣೀತಾರೆ. ನನಗೆ ಅದು ನೋಡಕ್ಕಾಗಲ್ಲ. ಹಳೇ ಕಾಲದೋಳು ಅಂದ್ರೆ ಅನ್ನಿ.

ವೈನು ಕುಡಿಯೋದಕ್ಕೆ ನನ್ನ ತಕರಾರಿಲ್ಲ, ಹೆಂಗಸ್ರು ಕುಡಿದ್ರೂ ಇಲ್ಲ. ತಕರಾರು ಇರೋದು ಆಮೇಲಿಂದಕ್ಕೆ. ನಮ್ಮ ರಸ್ತೆ ಎಷ್ಟು ಅಗಲ ಅಂತ ನೋಡಿದೀರ. ಎದುರಿಗೆ ಟ್ರ್ಯಾಕ್ಟರ್ ಬಂದ್ರೆ ಒಬ್ಬರು ಮಣ್ಣಿಗೆ ಇಳೀಬೇಕು. ಹಾಲಿನ ಡೈರಿಗೆ ಹೋಗೋರು, ಮೇವಿನ ಹೊರೆ ಹೊತ್ತೋರು, ದಾರೀಲಿ ನಡೆಯೋ ದನ. ಅದೇ ರಸ್ತೇಲಿ ಐದು ಜನ ರುಚಿ ನೋಡಿದೋರು, ಓಡಿಸೋನೂ ರುಚಿ ನೋಡಿದೋನೇ. ಒಬ್ಬರು ಕುಡೀದೇ ಉಳೀಬೇಕು ಅಂತ ಮನೇಲೇ ಗೊತ್ತು ಮಾಡ್ಕೊಂಡು ಬರಕ್ಕಾಗಲ್ವಾ? ಬಾಟ್ಲಿ ಬೇರೆ ಬದುವಿಗೆ ಬೀಸಾಡೋದು. ಬರಿಗಾಲಲ್ಲಿ ಕಳೆ ಕೀಳೋರ ಪಾದಕ್ಕೆ ಆ ಗಾಜು ಸಿಕ್ಕಿ, ಎರಡು ವಾರ ಕೂಲಿ ಇಲ್ದೆ ಕೂತೋರು ನಮ್ಮ ಬೀದೀಲೇ ಇದಾರೆ.

ನೀರಿನ ವಿಷಯ ಹೇಳ್ದೆ ಹೆಂಗಿರ್ಲಿ? ಪಾಲಾರ್, ಅರ್ಕಾವತಿ, ಎರಡು ಪೆನ್ನಾರು, ಇವೆಲ್ಲ ಹುಟ್ಟೋದು ಈ ಬೆಟ್ಟದ ಸಾಲಲ್ಲೇ ಅಂತ ಸ್ಕೂಲಲ್ಲಿ ಓದಿದೀವಿ. ನಮ್ಮ ಬೋರು ಮಾತ್ರ ಸಾವಿರ ಅಡಿ ದಾಟಿದ್ರೂ ಧೂಳು ಉಗೀತದೆ. ಬೆಂಗಳೂರಿನೋರು ಬಳಸಿ ಬಿಟ್ಟ ನೀರನ್ನೇ ಶುದ್ಧ ಮಾಡಿ ಹೆಬ್ಬಾಳ ನಾಗವಾರದಿಂದ ಪೈಪಲ್ಲಿ ತಂದು ನಮ್ಮ ಜಿಲ್ಲೆ ಕೆರೆಗೆ ತುಂಬಿಸ್ತಾರೆ. ಅಂಥಾ ಊರಿಗೆ ಬಂದು ಡ್ರಿಪ್ ಪೈಪು ತುಳಿದು ಕಿತ್ತು, ತೊಟ್ಟಿ ನೀರಲ್ಲಿ ಕಾರು ಗ್ಲಾಸು ತೊಳ್ಕೊಂಡು, ಮನೆ ಬಾಗ್ಲಲ್ಲಿ ನಿಂತು "ಬಾತ್ರೂಮ್ ಐತಾ?" ಅಂತ ಹನ್ನೊಂದು ಜನ ಸಾಲಾಗಿ ಒಳಗೆ ಹೋಗಿ ಬತ್ತಾರೆ. ಹೆಣ್ಮಕ್ಕಳ ಕಷ್ಟ ಹೆಣ್ಮಕ್ಕಳಿಗೇ ಗೊತ್ತು, ಬೇಡ ಅನ್ನಲ್ಲ. ಆದ್ರೆ ಒಬ್ಬರಾದ್ರೂ ಒಂದು ಬಕೆಟ್ ಎತ್ತಿ ತುಂಬಿಸಿಟ್ಟು ಹೋಗ್ಬಾರ್ದಾ?

ನಮ್ಮ ನೆಂಟರಿಗೇ ಹೆಚ್ಚಾಗಿ ಹೇಳೋದು ಯಾಕಂದ್ರೆ, ದಾರೀಲಿ ಹೋಗೋರ್ನ ಕರ್ಕೊಂಡು ಬರೋರು ನೀವೇ. "ನಮ್ಮ ಚಿಕ್ಕಮ್ಮನ ತೋಟ, ಏನೂ ಅನ್ನಲ್ಲ" ಅಂತ ನನ್ನ ಪರವಾಗಿ ಮಾತು ಕೊಟ್ಟುಬಿಡ್ತೀರ. ಏನೂ ಅನ್ನಲ್ಲ ಅಂತ ಯಾರು ಹೇಳಿದ್ದು?

ಹಿಂದಿನ ದಿನ ಒಂದು ಫೋನ್ ಮಾಡಿ. ಔಷಧಿ ಹೊಡೆದಿದ್ರೆ ಹೇಳ್ತೀನಿ, ಆ ವಾರ ಬೇಡ. ಎಷ್ಟು ಜನ ಅಂತಾನೂ ಹೇಳಿ, ಅವರೇಕಾಯಿ ಸಾರು ಅಷ್ಟಕ್ಕೇ ಇಡ್ತೀನಿ. ಹಣ್ಣು ಕತ್ತರಿಸಿ ಬುಟ್ಟಿಗೆ ಹಾಕಿ ಕೊಡ್ತೀನಿ. ನಿಮ್ಮ ಮಕ್ಕಳಿಗೆ ದುಡ್ಡು ಬೇಡ, ನಿಮ್ಮ ಆಫೀಸಿನೋರಿಗೆ ಅವತ್ತಿನ ಮಾರ್ಕೆಟ್ ರೇಟು. ಕಾರು ಮಾರಮ್ಮನ ಗುಡಿ ಹತ್ರ ನಿಲ್ಸಿ, ಟ್ರ್ಯಾಕ್ಟರ್ ತಿರುಗೋ ಜಾಗದಲ್ಲಿ ಬೇಡ.