ರೋಗಾಣುವಿನ ಹೆಸರು ಸಾಲದು

ಸಾಂಕ್ರಾಮಿಕ ರೋಗಗಳ ಪಾಠವನ್ನು ಕೋಷ್ಟಕದ ರೂಪದಲ್ಲಿ ಕಲಿಸುವುದು ನಮ್ಮ ಪ್ರೌಢಶಾಲೆಗಳ ಹಳೆಯ ಪದ್ಧತಿ. ರೋಗದ ಹೆಸರು, ಸೂಕ್ಷ್ಮಜೀವಿಯ ಹೆಸರು, ಲಕ್ಷಣ, ಹರಡುವ ಬಗೆ, ತಡೆಗಟ್ಟುವ ವಿಧಾನ—ಇವೆಲ್ಲ ಬೇರೆ ಬೇರೆ ಮನೆಗಳಲ್ಲಿ ಕುಳಿತಿರುತ್ತವೆ. ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುತ್ತಾನೆ. ಮರೆತರೆ ಹೋಗಲಿ, ನೆನಪಿಟ್ಟುಕೊಂಡವನಿಗಾದರೂ ಏನು ತಿಳಿದಂತಾಯಿತು? ರೋಗಾಣುವು ಕೆಡುಕು ಮಾಡುವ ಬಗೆಗೂ ಹರಡುವ ಬಗೆಗೂ ಇರುವ ನಂಟು ಕೋಷ್ಟಕದಲ್ಲಿ ಕಾಣುವುದೇ ಇಲ್ಲ. ಪಾಠದ ತಿರುಳಿರುವುದು ಆ ನಂಟಿನಲ್ಲಿ ಎಂದು ನನ್ನ ಅಭಿಪ್ರಾಯ.

ಕಾಲರಾವನ್ನೇ ತೆಗೆದುಕೊಳ್ಳೋಣ. 1883ರ ಕೊನೆಯಲ್ಲಿ ಕಲ್ಕತ್ತೆಗೆ ಬಂದ ಜರ್ಮನಿಯ ರಾಬರ್ಟ್ ಕಾಕ್ ಅವರು ರೋಗಿಗಳ ಕರುಳಿನಲ್ಲಿಯೂ ಒಂದು ಕೆರೆಯ ನೀರಿನಲ್ಲಿಯೂ ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಬ್ಯಾಕ್ಟೀರಿಯವನ್ನು ಗುರುತಿಸಿದರು. ಅಪರಾಧಿ ಸಿಕ್ಕಿದಂತಾಯಿತು; ಅಪರಾಧ ನಡೆಯುವ ಬಗೆ ಮಾತ್ರ ಮುಂದೆ 75 ವರ್ಷಗಳವರೆಗೆ ಖಚಿತವಾಗಲಿಲ್ಲ. ಅದೇ ಕಲ್ಕತ್ತೆಯಲ್ಲಿ ಶಂಭುನಾಥ ದೇ ಅವರು ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ಎರಡೂ ಕಡೆ ಕಟ್ಟಿ, ಬ್ಯಾಕ್ಟೀರಿಯಗಳನ್ನು ಸೋಸಿ ತೆಗೆದ ದ್ರವವನ್ನು ಮಾತ್ರ ಅದರೊಳಕ್ಕೆ ಸೇರಿಸಿದರು. ಕರುಳು ನೀರು ತುಂಬಿ ಉಬ್ಬಿತು. ಜೀವಿಯಿಲ್ಲದೆಯೇ ರೋಗದ ಕ್ರಿಯೆ ನಡೆದುದರಿಂದ, ಅದು ಸ್ರವಿಸಿದ ವಿಷವೇ ಕಾರಣವೆಂದು 1959ರಲ್ಲಿ ಸಿದ್ಧವಾಯಿತು. ದುಬಾರಿ ಯಂತ್ರವೇನೂ ಬೇಕಾಗದ ಪ್ರಯೋಗ! ದೇ ಅವರ ಹೆಸರನ್ನೇ ಕೇಳದೆ ನಮ್ಮ ಎಷ್ಟೋ ವಿದ್ಯಾರ್ಥಿಗಳು ಜೀವಶಾಸ್ತ್ರವನ್ನು ಮುಗಿಸುತ್ತಾರೆ.

ಈ ಬ್ಯಾಕ್ಟೀರಿಯವು ಕರುಳಿನ ಒಳಪೊರೆಗೆ ಅಂಟಿಕೊಂಡು ಅಲ್ಲಿಯೇ ವಿಷವನ್ನು ಬಿಡುತ್ತದೆ. ವಿಷಕ್ಕೆ ಸಿಕ್ಕಿದ ಜೀವಕೋಶಗಳು ಲವಣವನ್ನು ಎಡೆಬಿಡದೆ ಹೊರಕ್ಕೆ ಸುರಿಯುತ್ತವೆ. ಅದರ ಹಿಂದೆಯೇ ನೀರೂ ಹರಿಯುತ್ತದೆ. ರೋಗ ತೀವ್ರವಾದಾಗ ಗಂಟೆಗೆ ಒಂದು ಲೀಟರಿನಷ್ಟು ನೀರು ನಷ್ಟವಾಗುವುದುಂಟು. ಅಕ್ಕಿ ತೊಳೆದ ನೀರಿನಂತಿರುವ ಆ ಭೇದಿಯೊಡನೆ ಅಸಂಖ್ಯ ರೋಗಾಣುಗಳು ಹೊರಬಿದ್ದು, ಕೆರೆಬಾವಿಗಳನ್ನು ಸೇರಿ, ಇನ್ನೊಬ್ಬರ ಬಾಯಿಯನ್ನು ತಲಪುತ್ತವೆ. ರೋಗಿಯ ಪ್ರಾಣ ತೆಗೆಯುವ ನೀರೇ ರೋಗಾಣುವಿಗೆ ವಾಹನ. ‘ಲಕ್ಷಣ’ ಮತ್ತು ‘ಹರಡುವ ಬಗೆ’ ಎಂಬ ಎರಡು ಮನೆಗಳ ನಡುವಣ ಗೋಡೆ ಇಲ್ಲಿ ಬಿದ್ದುಹೋಗುತ್ತದೆ. (ಎಲ್ಲ ರೋಗಗಳಿಗೂ ಇದನ್ನು ಹೊಂದಿಸಬಾರದು. ಧನುರ್ವಾಯುವಿನ ಸೆಳೆತದಿಂದ ಆ ರೋಗಾಣುವಿಗೆ ಹರಡಲು ಯಾವ ನೆರವೂ ಇಲ್ಲ. ಅದು ಮನುಷ್ಯನಿಂದ ಮನುಷ್ಯನಿಗೆ ಅಂಟುವುದೂ ಇಲ್ಲ.)

ಚಿಕಿತ್ಸೆಯ ಕೀಲಿಯೂ ಇಲ್ಲಿಯೇ ಇದೆ. ಸಕ್ಕರೆಯೂ ಉಪ್ಪೂ ಜೊತೆಗೂಡಿ ಕರುಳಿನಿಂದ ಒಳಸೇರುವ ದಾರಿಯನ್ನು ಈ ವಿಷವು ಕೆಡಿಸಲಾರದು. 1971ರಲ್ಲಿ ಬಂಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಲವಣದ್ರವ ಸಾಲದಾದಾಗ, ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಇದೇ ದ್ರಾವಣವನ್ನು ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಒಂದು ಲೀಟರು ಶುದ್ಧ ನೀರು, ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು—ಮನೆಯಲ್ಲಿ ಇಷ್ಟು ಸಾಕು. ರೋಗಿಯನ್ನು ಆಸ್ಪತ್ರೆಗೆ ಸಾಗಿಸುವಾಗಲೂ ಕುಡಿಸುತ್ತಿರಬೇಕು.

ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ನೀರನ್ನೇ ನಿಲ್ಲಿಸುವ ಮನೆಗಳು ಇಂದಿಗೂ ಇವೆ. ಅಂಥ ಮನೆಯಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳು ತನ್ನ ತಮ್ಮನಿಗಾಗಿ ಅಜ್ಜಿಯೊಡನೆ ವಾದಿಸಬೇಕಾಗಿ ಬಂದರೆ, ‘ವಿಬ್ರಿಯೊ ಕಾಲರೆ’ ಎಂಬ ಹೆಸರು ಅವಳ ನೆರವಿಗೆ ಬಾರದು. ಕರುಳಿನಲ್ಲಿ ಏನಾಗುತ್ತಿದೆಯೆಂದು ಅವಳು ಬಲ್ಲವಳಾದರೆ ಅಜ್ಜಿಗೆ ತಿಳಿಯುವ ಮಾತಿನಲ್ಲಿಯೇ ಹೇಳಿಯಾಳು.

ಇಷ್ಟನ್ನೆಲ್ಲ ಕಲಿಸಲು ಸಮಯವೆಲ್ಲಿದೆ ಎಂದು ಉಪಾಧ್ಯಾಯರು ಕೇಳಬಹುದು. ಒಂದು ರೋಗಕ್ಕೆ ಮೂರು ಪೀರಿಯಡ್ಡುಗಳು ಸಾಕು. ಕೋಷ್ಟಕವು ಪುಸ್ತಕದ ಕೊನೆಯಲ್ಲಿ ಹಾಗೆಯೇ ಇರಲಿ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿಸುವ ಬದಲು ಹೀಗೆ ಕೇಳಲಿ: ಮೇಲಿನ ಬೀದಿಯಲ್ಲಿ ಒಬ್ಬನಿಗೆ ವಾಂತಿಭೇದಿಯಾಗಿದೆ, ಕೆಳಗಿನ ಬೀದಿಯ ಬಾವಿಗೆ ಕಟ್ಟೆಯಿಲ್ಲ, ನಡುವೆ ಒಂದು ಚರಂಡಿ ಹರಿಯುತ್ತಿದೆ. ಮುಂದೆ ಯಾರ ಮನೆಯಲ್ಲಿ ಕಾಯಿಲೆ ಕಾಣಿಸಬಹುದು? ಇಂದೇ ಏನು ಮಾಡಬೇಕು?