ಕುಂಭಕರ್ಣನನ್ನು ಎಬ್ಬಿಸುವ ಮುನ್ನ

ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ. ಅಂದಿನಿಂದ ದೀಪದ ಜೊತೆಜೊತೆಗೇ, ದೀಪ ಆರೀತೆಂಬ ಭಯವೂ ಪಟ್ಟಣವಾಸಿಯನ್ನು ಬೆನ್ನಟ್ಟಿ ಬಂದಿದೆ. ಆ ಭಯದ ಫಲವಾಗಿ ಎಷ್ಟೋ ಮನೆಗಳಿಗೆ ಪೆಟ್ರೋಲಿನಿಂದ ಓಡುವ ಪುಟ್ಟ ಜನರೇಟರುಗಳು ಬಂದವು. ಮುಂದೆ ಸದ್ದಿಲ್ಲದ ಇನ್ವರ್ಟರು ಬಂದು ಕುಳಿತಾಗ, ಗದ್ದಲಗಾರನಾದ ಈ ಹಳೆಯ ಸೇವಕನು ಮಹಡಿಮೆಟ್ಟಿಲ ಕೆಳಗಿನ ಕತ್ತಲೆಗೆ ಸರಿದನು. ವರ್ಷಕ್ಕೊಮ್ಮೆ ಆಯುಧಪೂಜೆಯಂದು ಅವನಿಗೆ ಕುಂಕುಮವುಂಟು, ಚೆಂಡುಹೂವುಂಟು. ಹೊಟ್ಟೆಯೊಳಗೆ ಏನಾಗಿದೆಯೆಂದು ವಿಚಾರಿಸುವವರು ಮಾತ್ರ ಇಲ್ಲ.

ಮಳೆಗಾಲದ ದೀರ್ಘ ಕತ್ತಲೆಯಲ್ಲಿ ಇವನ ನೆನಪಾಗುತ್ತದೆ. ಇಲ್ಲವೆ, ಪರಿಚಿತರ ಮನೆಯಲ್ಲಿ ಹೀಗೆಯೇ ಮಲಗಿದ್ದ ಯಂತ್ರವೊಂದು ಅಗ್ಗದ ಬೆಲೆಗೆ ದೊರೆತು ಮನೆಗೆ ಬರುತ್ತದೆ. ಆಗ ಎಲ್ಲರೂ ಮಾಡುವ ಮೊದಲ ಕೆಲಸವೆಂದರೆ ಹಗ್ಗ ಹಿಡಿದು ಬಲವಾಗಿ ಎಳೆಯುವುದು. ಮೊದಲಿಗೆ ಮಾಡಬಾರದ ಕೆಲಸವೂ ಅದೇ.

ಓಡದ ಯಂತ್ರ ಕೆಡುವುದಿಲ್ಲವೆಂಬ ನಂಬಿಕೆ ನಿಜವಲ್ಲ. ತಿಂಗಳುಗಳು ಉರುಳಿದಂತೆ ಪೆಟ್ರೋಲಿನ ಹಗುರವಾದ ಅಂಶಗಳು ಆವಿಯಾಗಿ ಹೋಗುತ್ತವೆ. ಉಳಿದದ್ದು ಹಲಸಿನ ಮೇಣದಂತೆ ಅಂಟಾಗಿ, ಕಾರ್ಬುರೇಟರಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಇಂದಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೂ ಎಥನಾಲ್ ಬೆರೆತಿರುವುದುಂಟು. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನೀರಿನಂಶ ಮಿತಿಮೀರಿದಾಗ ಬೇರ್ಪಟ್ಟು ತಳಕ್ಕಿಳಿದು, ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಹಾಗಿರುವಾಗ ಹಗ್ಗವನ್ನು ನೂರು ಬಾರಿ ಎಳೆದರೂ ಭುಜ ನೋಯುವುದೇ ಹೊರತು ಎಂಜಿನ್ ಏಳುವುದಿಲ್ಲ.

ಆದ್ದರಿಂದ ಯಂತ್ರವನ್ನು ಮೊದಲು ಬಯಲಿಗೆ ತರಬೇಕು. ಬೆಂಕಿಯಿಂದ ದೂರವಿಟ್ಟು ಹಳೆಯ ಪೆಟ್ರೋಲನ್ನು ಪೂರ್ತಿಯಾಗಿ ಇಳಿಸಬೇಕು. ಅದನ್ನು ಚರಂಡಿಗೆ ಚೆಲ್ಲದೆ ಮೆಕ್ಯಾನಿಕ್ಕನಿಗೆ ಒಪ್ಪಿಸುವುದು ಲೇಸು. ಕಾರ್ಬುರೇಟರನ್ನು ಬಿಚ್ಚಿ ತೊಳೆಯಿಸಬೇಕು. ಬಿರುಕುಬಿಟ್ಟ ರಬ್ಬರ್ ಪೈಪನ್ನು ಬದಲಾಯಿಸಬೇಕು. ಗಾಳಿಯ ಫಿಲ್ಟರಿನಲ್ಲಿ ಇಲಿ ಸಂಸಾರ ಹೂಡಿದೆಯೋ ಎಂದು ನೋಡಬೇಕು. ಹಳೆಯ ಎಂಜಿನ್ ಆಯಿಲನ್ನು ತೆಗೆದು, ಕಂಪನಿಯವರು ಹೇಳಿದ ಹೊಸ ಆಯಿಲನ್ನು ಗುರುತಿನ ಮಟ್ಟಕ್ಕೆ ತುಂಬಬೇಕು. ಬಳಿಕ ಸ್ಪಾರ್ಕ್ ಪ್ಲಗ್ಗನ್ನು ಕಳಚಿ, ಆ ರಂಧ್ರದೊಳಗೆ ಕೆಲವು ತೊಟ್ಟು ಆಯಿಲ್ ಬಿಟ್ಟು, ಹಗ್ಗವನ್ನು ನಿಧಾನವಾಗಿ ನಾಲ್ಕೈದು ಸಲ ಎಳೆಯಬೇಕು. ಒಣಗಿದ ಸಿಲಿಂಡರಿಗೆ ಜಿಡ್ಡು ಹಿಡಿಯದೆ ಒಮ್ಮೆಲೇ ಓಡಿಸಿದರೆ ಒಳಗೋಡೆಯಲ್ಲಿ ಗೀರು ಬೀಳುವ ಅಪಾಯವುಂಟು. ಇಷ್ಟಾದ ಮೇಲೆ ಪ್ಲಗ್ಗು ಹಾಕಿ, ಹೊಸ ಪೆಟ್ರೋಲು ತುಂಬಿ, ಚಾಲೂ ಮಾಡಬಹುದು.

ಎಂಜಿನ್ ಎದ್ದೊಡನೆ ಫ್ರಿಜ್ಜನ್ನೋ ಟಿವಿಯನ್ನೋ ಜೋಡಿಸುವ ಆತುರ ಬೇಡ. ಕೆಲವು ನಿಮಿಷ ಬರಿದೇ ಓಡಲಿ. ಅನಂತರ ಎಲೆಕ್ಟ್ರೀಷಿಯನ್ ಮೀಟರಿನಿಂದ ಸುಮಾರು 230 ವೋಲ್ಟ್ ಬರುತ್ತಿದೆಯೇ ಎಂದು ಪರೀಕ್ಷಿಸಲಿ. ಎಂಜಿನ್ ಓಡಿಯೂ ಬಲ್ಬು ಬೆಳಗದೆ ಇರುವುದುಂಟು. ಹಾಗಾದ ಮಾತ್ರಕ್ಕೆ ತಂತಿಸುರುಳಿ ಸುಟ್ಟಿದೆಯೆಂದು ಗುಜರಿಗೆ ಕೊಡಬಾರದು. ದೀರ್ಘಕಾಲ ಸುಮ್ಮನಿದ್ದ ಜನರೇಟರಿನ ಕಬ್ಬಿಣದಲ್ಲಿ ಉಳಿದಿರಬೇಕಾದ ಅಲ್ಪ ಕಾಂತಶಕ್ತಿ ಕುಂದಿದ್ದರೂ ಹೀಗಾಗುತ್ತದೆ. ಬಲ್ಲವರು ಅದನ್ನು ಮರಳಿ ತರಬಲ್ಲರು.

ಯಂತ್ರ ಕೆಟ್ಟರೆ ನಷ್ಟ ಕೆಲವು ಸಾವಿರ ರೂಪಾಯಿ. ಅದು ಸರಿಯಾಗಿ ಓಡುವಾಗಲೇ ಪ್ರಾಣಕ್ಕೆ ಎರವಾಗುವ ಎರಡು ಸಂದರ್ಭಗಳುಂಟು. ಮೊದಲನೆಯದು ಹೊಗೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಅದು ಆಕ್ರಮಿಸುತ್ತದೆ. ತಲೆನೋವು, ವಾಕರಿಕೆಯೆಂದು ಮಲಗಿದವರು ಮತ್ತೆ ಏಳದೆ ಹೋಗಬಹುದು. ಕಿಟಕಿ ತೆರೆದಿದೆಯೆಂದು ಕೋಣೆಯಲ್ಲಾಗಲಿ, ಮಳೆಯೆಂದು ವರಾಂಡದಲ್ಲಾಗಲಿ ಜನರೇಟರನ್ನು ಓಡಿಸಕೂಡದು. ಬಾಗಿಲು ಕಿಟಕಿಗಳಿಂದ ದೂರವಾದ ಬಯಲೇ ಅದಕ್ಕೆ ಸ್ಥಳ.

ಎರಡನೆಯದು, ಜನರೇಟರಿನ ತಂತಿಯನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಮನೆಯನ್ನೆಲ್ಲ ಬೆಳಗಿಸುವ ಜಾಣತನ. ಆ ವಿದ್ಯುತ್ತು ಮೀಟರನ್ನು ದಾಟಿ ಬೀದಿಯ ತಂತಿಗೆ ಹರಿಯಬಲ್ಲದು; ಟ್ರಾನ್ಸ್‌ಫಾರ್ಮರನ್ನು ಹಿಮ್ಮುಖವಾಗಿ ಹೊಕ್ಕರೆ 11,000 ವೋಲ್ಟಿನಷ್ಟು ಉಗ್ರವಾಗಬಲ್ಲದು. ಕರೆಂಟಿಲ್ಲವೆಂದು ನಂಬಿ, ಮಳೆಯಲ್ಲಿ ನೆನೆಯುತ್ತ ಕಂಬವೇರಿದ ಲೈನ್‌ಮನ್ನನ ಕೈ ಆ ತಂತಿಯ ಮೇಲಿರುತ್ತದೆ. ಅವನ ಮನೆಯಲ್ಲಿಯೂ ಮಕ್ಕಳು ದಾರಿ ಕಾಯುತ್ತಿರುತ್ತಾರೆ. ಪರವಾನಗಿಯುಳ್ಳ ಎಲೆಕ್ಟ್ರೀಷಿಯನ್ನನಿಂದ ಚೇಂಜ್‌ಓವರ್ ಸ್ವಿಚ್ಚು ಹಾಕಿಸದೆ ಮನೆಯ ವೈರಿಂಗಿಗೆ ಜನರೇಟರನ್ನು ಜೋಡಿಸಲೇಬಾರದು.

ಹೀಗೆ ಎಚ್ಚೆತ್ತ ಕುಂಭಕರ್ಣನನ್ನು ಮತ್ತೆ ಮಲಗಗೊಡದಿರುವುದೇ ಜಾಣತನ. ತಿಂಗಳಿಗೊಮ್ಮೆ ಹದಿನೈದು ಇಪ್ಪತ್ತು ನಿಮಿಷ, ಒಂದೆರಡು ದೀಪಗಳ ಹೊರೆ ಹೊರಿಸಿ ಬಯಲಿನಲ್ಲಿ ಓಡಿಸಿದರೆ ಸಾಕು. ಹೆಚ್ಚುಕಾಲ ಇಡುವುದೇ ಆದರೆ ಟ್ಯಾಂಕನ್ನು ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲು ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು. ಯುದ್ಧಕಾಲೇ ಶಸ್ತ್ರಾಭ್ಯಾಸವೆಂದು ಹಿರಿಯರು ನಕ್ಕದ್ದು ಸುಮ್ಮನೆ ಅಲ್ಲ. ಬರುವ ಆಯುಧಪೂಜೆಯಂದು ಕುಂಕುಮವಿಡುವ ಮೊದಲು ಟ್ಯಾಂಕಿನ ಮುಚ್ಚಳವನ್ನೂ ಒಮ್ಮೆ ತೆರೆದು ನೋಡಲಿ.