ಸಂಕ ದಾಟುವ ಹಾಲಿಗೆ ಸೇತುವೆ ಬೇಡವೇ?



ಕಳೆದ ಮಳೆಗಾಲದ ಒಂದು ರಾತ್ರಿ ಕರೆ ಬಂತು. ಚೊಚ್ಚಲ ಹೆರಿಗೆ, ಕರುವಿನ ತಲೆ ಹಿಂದಕ್ಕೆ ಮಡಚಿಕೊಂಡಿತ್ತು. ಹಳ್ಳದ ಈಚೆ ದಡಕ್ಕೆ ಬೇಗನೆ ತಲುಪಿದೆ. ಆಚೆ ಕೊಟ್ಟಿಗೆಯ ದೀಪ ಕಾಣುತ್ತಿತ್ತು. ನಡುವಿನ ಅಡಿಕೆ ಮರದ ಕಾಲುಸಂಕ ನೀರಿನಡಿ ಇತ್ತು. ಸುತ್ತು ಹಾಕಿ ಹೋಗಲು ಒಂದೂವರೆ ಗಂಟೆ ಹಿಡಿಯಿತು. ಹಸು ಉಳಿಯಿತು, ಕರು ಉಳಿಯಲಿಲ್ಲ.

ಅದೇ ಸಂಕದ ಮೇಲೆ ಆ ಮನೆಯ ಅಕ್ಕ ದಿನಕ್ಕೆರಡು ಸಲ ಹಾಲಿನ ಕ್ಯಾನ್ ಹಿಡಿದು ದಾಟುತ್ತಾರೆ. ಕರೆದ ಹಾಲು ಬೇಗ ತಣ್ಣಗಾಗಬೇಕು ಎಂದು ನಾವು ಪದೇ ಪದೇ ಹೇಳುತ್ತೇವೆ. ದಾರಿಯೇ ಇಲ್ಲದಿದ್ದರೆ ಆ ಮಾತಿಗೆ ಬೆಲೆಯೇನು? ಸೇತುವೆಯೂ ಹೈನುಗಾರಿಕೆಯ ವಿಷಯವೇ ಎಂಬುದು ನನ್ನ ಅಭಿಪ್ರಾಯ.

‘ಸೇತುವೆಗೆ ಭಾರೀ ಹಣ ಬೇಕು’ ಎಂದು ಹೇಳಿ ನಿಮ್ಮನ್ನು ಸುಮ್ಮನಾಗಿಸುತ್ತಾರೆ. ಆದರೆ ಜನ, ಹಸು, ಹುಲ್ಲಿನ ಹೊರೆ ದಾಟಲು ಲಾರಿ ಹೋಗುವ ಸೇತುವೆ ಬೇಡ. ಸಣ್ಣ ಹಳ್ಳಕ್ಕೆ ಕಬ್ಬಿಣದ ಟ್ರಸ್ ಸೇತುವೆ ಸಾಕು. ನಾಲ್ಕು ಕೋಲುಗಳನ್ನು ಚೌಕವಾಗಿ ಕಟ್ಟಿ ತಳ್ಳಿ ನೋಡಿ, ವಾಲುತ್ತದೆ. ಮೂರನ್ನು ತ್ರಿಕೋನವಾಗಿ ಕಟ್ಟಿದರೆ ಅಲುಗುವುದಿಲ್ಲ. ಶೀಟಿನ ಮಾಡನ್ನು ಹೊತ್ತ ಚೌಕಟ್ಟಿನಲ್ಲೂ ಇದೇ ಗುಟ್ಟು.

ಖರ್ಚು ಉಳಿಸುವ ದಾರಿಯೂ ಇಲ್ಲೇ ಇದೆ. ಟ್ರಸ್‌ನ ಎತ್ತರ ಎರಡು ಪಟ್ಟಾದರೆ ಮೇಲಿನ, ಕೆಳಗಿನ ಪಟ್ಟಿಗಳ ಮೇಲಿನ ಬಲ ಅರ್ಧಕ್ಕಿಳಿಯುತ್ತದೆ, ತೆಳು ಕಬ್ಬಿಣ ಸಾಕಾಗುತ್ತದೆ. ಎರಡು ಬದಿಯ ಟ್ರಸ್‌ಗಳನ್ನೇ ಕೈಪಿಡಿಯಾಗಿ ಬಳಸಬಹುದು. ಹಳ್ಳದ ನಡುವೆ ಕಂಬ ಬೇಡ, ನೆರೆಯಲ್ಲಿ ಬರುವ ಮರದ ದಿಮ್ಮಿ ಸಿಕ್ಕಿಕೊಳ್ಳುವುದೇ ಅಲ್ಲಿ.

ಆದರೆ ಮೂರು ಕಡೆ ಜಿಪುಣತನ ಬೇಡ: ಕೂಡುಗಳ ವೆಲ್ಡಿಂಗ್, ತುಕ್ಕು ತಡೆಯುವ ಲೇಪನ, ನೆರೆಮಟ್ಟಕ್ಕಿಂತ ಎತ್ತರದ ಗಟ್ಟಿ ದಡಗಟ್ಟೆ. ಹಸು ದಾಟುವುದಾದರೆ ಆ ಭಾರವನ್ನು ಮೊದಲೇ ತಿಳಿಸಿ. ಲೆಕ್ಕವನ್ನು ಎಂಜಿನಿಯರ್ ಮಾಡಲಿ, ಅಂದಾಜಿನ ಮೇಲೆ ಕಟ್ಟಬೇಡಿ.

ಆಗದ ಮಾತು ಎನ್ನುವವರಿಗೆ ಸುಳ್ಯದ ಗಿರೀಶ್ ಭಾರದ್ವಾಜರನ್ನು ನೆನಪಿಸಿ. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದ ಅವರು, ಮುಂದೆ ನೂರಕ್ಕೂ ಹೆಚ್ಚು ಕಾಲುಸೇತುವೆ ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಅಗಲ ನದಿಗೆ ತೂಗುಸೇತುವೆ, ಕಿರಿದಾದ ಹಳ್ಳಕ್ಕೆ ಟ್ರಸ್. ಎರಡರ ಪಾಠವೂ ಒಂದೇ: ಅಗತ್ಯಕ್ಕೆ ತಕ್ಕಷ್ಟೇ ಕಟ್ಟಿದರೆ ಬಡ ಊರಿಗೂ ಸೇತುವೆ ಸಿಗುತ್ತದೆ.

ಮುಂದಿನ ಗ್ರಾಮಸಭೆಗೆ ಒಬ್ಬೊಬ್ಬರಾಗಿ ಹೋಗಬೇಡಿ, ಸಂಘದ ಸದಸ್ಯೆಯರೆಲ್ಲ ಒಟ್ಟಾಗಿ ಹೋಗಿ. ಸಂಕ ಮುಳುಗಿದ ದಿನಗಳನ್ನೂ ಡೇರಿಗೆ ತಲುಪದ ಹಾಲಿನ ಲೀಟರನ್ನೂ ಬರೆದಿಟ್ಟು ಓದಿ ಹೇಳಿ. ಪತ್ರಕ್ಕೆ ಪಶುವೈದ್ಯರ ಸಹಿ ಬೇಕಿದ್ದರೆ ನಾನು ಹಾಕುತ್ತೇನೆ.